ಟಿಎನ್‌ಎಐ (ಟ್ರೈನ್ಡ್ ನರ್ಸಸ್ ಅಸೋಸಿಯೇಷನ್ ಆಫ್ ಇಂಡಿಯಾ, ನಮ್ಮ ನರ್ಸುಗಳ ಸಂಘ) ಸದಸ್ಯತ್ವ: ಇನ್ನೂ ಅರ್ಜಿ ತುಂಬದವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನೈಟ್ ಡ್ಯೂಟಿ ಮುಗಿಸಿ ಬಂದವರು ನಿದ್ದೆ ಮಾಡಿ ಎದ್ದ ಮೇಲೆ ಓದಿ, ಆದರೆ ಓದದೆ ಬಿಡಬೇಡಿ.

"ಸಂಘಕ್ಕೆ ಸೇರಿದರೆ ನಮಗೇನು ಸಿಗುತ್ತೆ ಅಕ್ಕಾ?" ಅಂತ ನಿನ್ನೆ ಒಬ್ಬಳು ತಂಗಿ ಕೇಳಿದಳು. ನನ್ನ ಮೊದಲ ಕೆಲಸ ನೆನಪಾಯಿತು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡು ಎರಡು ವರ್ಷದ ಬಾಂಡ್ ಬರೆಸಿಕೊಂಡಿದ್ದರು. ಸಂಬಳದ ಕವರ್ ಹಿಡಿದು ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ. ಒಬ್ಬಳೇ ಹೋಗಿ ಯಾರನ್ನು ಕೇಳಲಿ?

ಖಾಸಗಿ ಆಸ್ಪತ್ರೆ ನರ್ಸುಗಳ ಇದೇ ಗೋಳನ್ನು 1908ರಲ್ಲಿ ಹುಟ್ಟಿದ ನಮ್ಮ ಟಿಎನ್‌ಎಐ ಸುಪ್ರೀಂ ಕೋರ್ಟಿನ ಮುಂದಿಟ್ಟಿತು. 2016ರ ಜನವರಿಯಲ್ಲಿ ಕೋರ್ಟ್ ಕೊಟ್ಟ ಆದೇಶದಂತೆ ಕೇಂದ್ರ ಸರ್ಕಾರ ತಜ್ಞರ ಸಮಿತಿ ಮಾಡಿತು. 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸಿನಷ್ಟೇ ಸಂಬಳ, 50ಕ್ಕಿಂತ ಕಡಿಮೆ ಹಾಸಿಗೆ ಇದ್ದರೂ ತಿಂಗಳಿಗೆ ಕನಿಷ್ಠ 20,000 ರೂಪಾಯಿ ಎಂದು ಆ ಸಮಿತಿ ಶಿಫಾರಸು ಮಾಡಿತು. ಜಾರಿ ಮಾಡಬೇಕಾದ್ದು ರಾಜ್ಯಗಳು. ಎಷ್ಟೋ ಕಡೆ ಇಂದಿಗೂ ಅಷ್ಟು ಕೈಗೆ ಬರುತ್ತಿಲ್ಲ, ನಿಮಗೇ ಗೊತ್ತು. ಬರಬೇಕಾದರೆ ಬೆನ್ನು ಹತ್ತುವವರು ಬೇಕು. ಮನವಿ ಹಿಡಿದು ಹೋದಾಗ ಅಧಿಕಾರಿ ಮೊದಲು ಕೇಳುವುದೇ "ಸದಸ್ಯರು ಎಷ್ಟು ಜನ?" ಅಂತ.

ಹೆಸರು ಬರೆಸಿ ಸುಮ್ಮನಿರಬೇಡಿ, ಸಭೆಗೂ ಬನ್ನಿ. ಭಾನುವಾರ ಫಾರ್ಮ್ ತರುತ್ತೇನೆ. ನರ್ಸಿಂಗ್ ಕೌನ್ಸಿಲ್ ನೋಂದಣಿ ಪತ್ರದ ಜೆರಾಕ್ಸ್, ಎರಡು ಫೋಟೊ ನಿಮ್ಮ ಹತ್ತಿರ ಇರಲಿ.