ಭಾನುವಾರದ ಲೆಕ್ಕದ ಕೂಟ: ಪಿನ್‌ಕೋಡ್ ಒಡೆದು ತನ್ನಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ಕೋಲಾರದ ನಮ್ಮ ಮನೆ ಮಹಡಿ ಮೇಲೆ ಲೆಕ್ಕದ ಕೂಟ ಇದೆ. ಹೈಸ್ಕೂಲ್ ಮಕ್ಕಳನ್ನು ಕಳಿಸಿ.

ಈ ಸಲದ ಸಂಖ್ಯೆ ನಮ್ಮೂರಿನ ಪಿನ್‌ಕೋಡೇ, 563101. ನೋಡಿದರೆ ಅವಿಭಾಜ್ಯ ಸಂಖ್ಯೆ ಅನ್ನಿಸುತ್ತದೆ, ಅಲ್ವಾ? ನಾನೂ ಮೋಸ ಹೋಗಿದ್ದೆ. 563ರಲ್ಲಿ 101 ಕಳೆಯಿರಿ, 462 ಉಳಿಯುತ್ತದೆ. ಅದು 7ಕ್ಕೂ 11ಕ್ಕೂ ಭಾಗವಾಗುತ್ತದೆ, ಹಾಗಾಗಿ ಇಡೀ ಸಂಖ್ಯೆಯೂ ಆಗುತ್ತದೆ. 563101 ಅಂದರೆ 563×1001ರಲ್ಲಿ ಆ 462 ಕಳೆದದ್ದು, ಮತ್ತು 1001 ಅಂದರೆ 7×11×13, ಅದೇ ಗುಟ್ಟು. ಪೂರ್ತಿ ಒಡೆದರೆ 7×11×71×103.

ಮಕ್ಕಳು ತಮ್ಮ ಊರಿನ ಪಿನ್‌ಕೋಡ್ ಒಡೆದು ತರಲಿ, ಕ್ಯಾಲ್ಕುಲೇಟರ್ ಬೇಡ. ಚಿಂತಾಮಣಿಯವರಿಗೆ ಲಾಟರಿ: 563125ರಲ್ಲಿ 5 ನಾಲ್ಕು ಸಲ ಹೋಗುತ್ತದೆ!

ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ. ಚಿತ್ರಾನ್ನ ಎಷ್ಟು ಮಾಡಬೇಕೋ ಗೊತ್ತಾಗಬೇಕು.