ತರಬೇತಿ ಮುಗಿದ ಮೇಲೆ ಪಕ್ಕದಲ್ಲಿ ಕೂರುವವರು ಬೇಕು

ಮಾನ್ಯರೇ,

ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ, ಹರೆಯದ ಹುಡುಗಿಯರ ಕಿಶೋರಿ ಗುಂಪು, ಯುವಕ ಯುವತಿ ಮಂಡಳಿ, ಎನ್‌ಎಸ್‌ಎಸ್ ಶಿಬಿರ ಯಾವುದೇ ಇರಲಿ, ಹರೆಯದ ಮಕ್ಕಳ ಜತೆ ಚಟುವಟಿಕೆ ನಡೆಸುವವರಿಗೆ ಸಿಗುವ ನೆರವು ಬಹುಮಟ್ಟಿಗೆ ಒಂದೇ: ತಾಲ್ಲೂಕು ಅಥವಾ ಜಿಲ್ಲಾ ಕೇಂದ್ರದಲ್ಲಿ ಒಂದೆರಡು ದಿನದ ತರಬೇತಿ. ಕೈಪಿಡಿ, ಪ್ರಮಾಣಪತ್ರ ಹಿಡಿದು ಊರಿಗೆ ಮರಳಿದ ಮೇಲೆ ಅವರು ಏನು ಮಾಡುತ್ತಿದ್ದಾರೆಂದು ಒಂದು ಗಂಟೆ ಕೂತು ನೋಡುವವರು ಅಪರೂಪ. ಭೇಟಿಗೆ ಬಂದವರು ಹಾಜರಿ ಪುಸ್ತಕ ನೋಡಿ, ಬ್ಯಾನರ್ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆದುಕೊಂಡು ಹೊರಡುತ್ತಾರೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಮುಂದಿನ ಬೇಸಿಗೆ ಶಿಬಿರಗಳ ತಯಾರಿ ಶುರುವಾಗುವ ಮೊದಲೇ ಈ ಪದ್ಧತಿ ಬದಲಾಗಬೇಕು ಎಂದು ಕೋರಿ ಈ ಪತ್ರ.

ತರಬೇತಿ ಬೇಡವೆಂದು ನಾವು ಹೇಳುತ್ತಿಲ್ಲ. ಅಮೆರಿಕದ ಶಿಕ್ಷಣ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಲ್ಲೇ ಶಿಕ್ಷಕರ ತರಬೇತಿಗಳನ್ನು ಪರಿಶೀಲಿಸಿ ಒಂದು ಮಾತು ಸ್ಪಷ್ಟಪಡಿಸಿದ್ದರು: ಉಪನ್ಯಾಸ, ಪ್ರಾತ್ಯಕ್ಷಿಕೆ, ಅಭ್ಯಾಸ ಎಲ್ಲವೂ ಇದ್ದರೂ ಕಲಿತದ್ದು ತರಗತಿಗೆ ಇಳಿಯುವುದು ಕಡಿಮೆ, ಆಮೇಲೆ ಯಾರಾದರೂ ಜತೆಗಿದ್ದು ನೋಡಿ ಮಾತಾಡಿದಾಗಲೇ ಅದು ಕೈಗೆ ಹತ್ತುತ್ತದೆ. ಎರಡು ದಿನದ ತರಬೇತಿಯನ್ನು ಒಂದು ದಿನಕ್ಕೆ ಇಳಿಸಿ, ಉಳಿದ ದಿನದ ಊಟ, ಪ್ರಯಾಣದ ಹಣವನ್ನು, ಒಬ್ಬರ ಚಟುವಟಿಕೆಯನ್ನು ಇನ್ನೊಬ್ಬರು ಹೋಗಿ ನೋಡುವ ಪರಸ್ಪರ ಭೇಟಿಗಳ ಬಸ್ ಚಾರ್ಜಿಗೆ ಕೊಟ್ಟರೆ ಕೆಲಸ ಶುರು ಮಾಡಬಹುದು.

ಅಕ್ಕಪಕ್ಕದ ಪಂಚಾಯಿತಿಗಳಲ್ಲಿ ಕೆಲಸ ಮಾಡುವ ಆರರಿಂದ ಎಂಟು ಮಂದಿಯದು ಒಂದು ಗುಂಪಾಗಲಿ. ಗುಂಪಿನೊಳಗೆ ಇಬ್ಬಿಬ್ಬರ ಜೋಡಿ. ತಿಂಗಳಿಗೊಮ್ಮೆ ಇವರು ಅವರ ಚಟುವಟಿಕೆಯನ್ನೂ ಅವರು ಇವರದನ್ನೂ ಪೂರ್ತಿ ಕೂತು ನೋಡಬೇಕು. ಜೋಡಿ ಮಾಡುವಾಗ ನಕ್ಷೆಗಿಂತ ಬಸ್ಸಿನ ವೇಳೆ ಮುಖ್ಯ. ಸಂಜೆಯ ಕೊನೆ ಬಸ್ ಸಿಗದ ಊರಿಗೆ ಮಹಿಳಾ ಕಾರ್ಯಕರ್ತೆಯನ್ನು ಕಳಿಸಿದರೆ ಎರಡನೇ ಭೇಟಿ ನಡೆಯುವುದೇ ಇಲ್ಲ.

ಹೊರಗಿನ ತಜ್ಞರಿಗಿಂತ ಪಕ್ಕದೂರಿನವರು ಏಕೆ? ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಮೇಲೆ ಮನೆಮಂದಿಯೆಲ್ಲ ಹಿಪ್ಪುನೇರಳೆ ಸೊಪ್ಪಿನ ಹಿಂದೆ ಇರುತ್ತಾರೆ. ಇಡೀ ಬೆಳೆಗೆ ಬೇಕಾದ ಸೊಪ್ಪಿನ ಬಹುಪಾಲು ಆ ಏಳೆಂಟು ದಿನದಲ್ಲೇ ಖರ್ಚಾಗುತ್ತದೆ. ಆ ವಾರ ಗುಂಪಿಗೆ ಮಕ್ಕಳು ಬರದಿದ್ದರೆ ಹೊರಗಿನವರು ‘ಆಸಕ್ತಿ ಇಲ್ಲ’ ಎಂದು ಬರೆದುಕೊಂಡು ಹೋಗುತ್ತಾರೆ. ಪಕ್ಕದ ಪಂಚಾಯಿತಿಯವರಿಗೆ ಕಾರಣ ಯಾರೂ ಹೇಳಬೇಕಿಲ್ಲ. ದಿನ ಬದಲಿಸಿ ಎನ್ನುತ್ತಾರೆ. ಸಂಜೆ ಡೇರಿಗೆ ಹಾಲು ಹಾಕುವ ಹೊತ್ತಿಗೂ ಇದೇ ಮಾತು. ಬಾಗೇಪಲ್ಲಿ ಸುತ್ತ ಅನೇಕ ಮನೆಗಳಲ್ಲಿ ಆಡುಮಾತು ತೆಲುಗು. ಕನ್ನಡದಲ್ಲಿ ಕೇಳಿದ್ದಕ್ಕೆ ತಲೆ ತಗ್ಗಿಸಿ ಕೂತ ಹುಡುಗಿ ತೆಲುಗಿನಲ್ಲಿ ಕೇಳಿದರೆ ಐದು ನಿಮಿಷ ಮಾತಾಡುತ್ತಾಳೆ. ಮೊದಲು ಮನೆಮಾತಿನಲ್ಲಿ ಹೇಳಿಸಿ, ಆಮೇಲೆ ಎಲ್ಲರೂ ಸೇರಿ ಅದನ್ನೇ ಕನ್ನಡದಲ್ಲಿ ಬರೆಯುವುದು ಅಂಥ ಕಡೆ ನಡೆಯುವ ದಾರಿ.

ನೋಡುವುದು ಹೇಗೆಂಬುದು ಇಡೀ ಕೆಲಸದ ಜೀವಾಳ. ನೋಡಲು ಹೋದವರು ಮಕ್ಕಳ ಜತೆಗೇ ನೆಲದ ಮೇಲೆ, ಹಿಂದಿನ ಸಾಲಿನಲ್ಲಿ ಕೂರಬೇಕು. ಕುರ್ಚಿ ಹಾಕಿಸಿಕೊಂಡರೆ ಆ ಕ್ಷಣಕ್ಕೇ ಅದು ತಪಾಸಣೆಯಾಯಿತು. ಫೋನ್ ಚೀಲದಲ್ಲಿರಲಿ. ‘ಚೆನ್ನಾಗಿತ್ತು’, ‘ಇನ್ನೂ ಸುಧಾರಿಸಬೇಕು’ ಎಂಬ ಮಾತಿನಿಂದ ಯಾರಿಗೂ ಉಪಯೋಗವಿಲ್ಲ. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಮಾತ್ರ ಬರೆಯಬೇಕು. ಹಾಳೆಯ ಮೇಲೆ ಮಕ್ಕಳು ಕೂತ ರೀತಿಯನ್ನು ಸಣ್ಣ ಸಣ್ಣ ಸೊನ್ನೆಗಳಲ್ಲಿ ಗುರುತು ಮಾಡಿ, ಯಾರು ಬಾಯಿ ಬಿಟ್ಟರೂ ಅವರ ಸೊನ್ನೆಯ ಪಕ್ಕ ಒಂದು ಗೆರೆ ಎಳೆಯಿರಿ. ಇಪ್ಪತ್ತೈದು ಮಕ್ಕಳ ಗುಂಪಿನಲ್ಲಿ ಗೆರೆಗಳೆಲ್ಲ ಮುಂದಿನ ನಾಲ್ಕೈದು ಜನರ ಸುತ್ತಲೇ ಸೇರಿ, ಬಾಗಿಲ ಬಳಿಯ ಹುಡುಗಿಯರ ಪಕ್ಕ ಒಂದೂ ಇಲ್ಲದಿದ್ದರೆ ಹಾಳೆಯೇ ಮಾತಾಡುತ್ತದೆ. ನಡೆಸಿದವರನ್ನು ದೂರಬೇಕಾದ ಅಗತ್ಯವೇ ಬರುವುದಿಲ್ಲ.

ಇನ್ನೊಂದು ಗಮನಿಸಬೇಕಾದದ್ದು ಪ್ರಶ್ನೆ ಕೇಳಿದ ಮೇಲಿನ ಮೌನ. ವಿಜ್ಞಾನ ತರಗತಿಗಳನ್ನು ಅಧ್ಯಯನ ಮಾಡಿದ ಅಮೆರಿಕದ ಮೇರಿ ಬಡ್ ರೋ, ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಅದನ್ನು 3 ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಮಾತಾಡುತ್ತಾರೆ ಎಂದು 1970ರ ದಶಕದಲ್ಲಿ ತೋರಿಸಿದರು. ಮನಸ್ಸಿನಲ್ಲೇ ಐದರವರೆಗೆ ಎಣಿಸಿ ಎಂಬ ಸಲಹೆಗೆ ಖರ್ಚಿಲ್ಲ. ಪ್ರಶ್ನೆ ಕೇಳುವುದನ್ನು ಬದುಕಿನುದ್ದಕ್ಕೂ ಕಲಿಸಿದ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ಹುಟ್ಟಿದ ಹೊಸೂರು ಇದೇ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿದೆ. ಉತ್ತರಕ್ಕೆ ಕಾಯುವುದನ್ನು ನಾವೇ ಮರೆತರೆ ಹೇಗೆ?

ಮಾತುಕತೆ ಅದೇ ದಿನ, ಮಕ್ಕಳು ಹೋದ ಮೇಲೆ, ಅರ್ಧ ಗಂಟೆ. ಮೊದಲು ನಡೆಸಿದವರು ಹೇಳಲಿ, ಆಮೇಲೆ ನೋಡಿದವರು ಬರೆದದ್ದನ್ನು ಓದಲಿ. ಕೊನೆಗೆ ಮುಂದಿನ ಸಲಕ್ಕೆ ಒಂದೇ ಒಂದು ಬದಲಾವಣೆಯನ್ನು ನಡೆಸಿದವರೇ ಆರಿಸಿಕೊಳ್ಳಬೇಕು. ಆರೇಳು ಸಲಹೆ ಕೊಟ್ಟರೆ ಒಂದೂ ಉಳಿಯುವುದಿಲ್ಲ. ಮುಂದಿನ ಭೇಟಿಯಲ್ಲಿ ನೋಡಬೇಕಾದದ್ದು ಆ ಒಂದನ್ನೇ.

ಹೆಚ್ಚಾಗಿ ಕೆಡುವುದು ಎರಡು ಕಡೆ. ನೋಡಲು ಬಂದವರಿಗೆ ಕೈ ತಡೆಯದೆ, ಮಧ್ಯೆ ಎದ್ದು ತಾವೇ ಪಾಠ ಶುರು ಮಾಡುತ್ತಾರೆ, ಅಥವಾ ಮಕ್ಕಳ ಎದುರೇ ತಿದ್ದುತ್ತಾರೆ. ಹದಿನೈದರ ಮಕ್ಕಳು ಅದನ್ನು ಮರೆಯುವುದಿಲ್ಲ. ಮರುದಿನದಿಂದ ಚಟುವಟಿಕೆ ನಡೆಸುವ ಆ ಅಕ್ಕನ ಮಾತಿಗೆ ತೂಕವಿರುವುದಿಲ್ಲ. ಎರಡನೆಯದು ಇನ್ನೂ ದೊಡ್ಡದು. ನೋಡಿದ ಟಿಪ್ಪಣಿ ಗೌರವಧನಕ್ಕೆ ಸಹಿ ಹಾಕುವವರ ಮೇಜಿಗೆ ಹೋಗುತ್ತದೆಂದು ಗೊತ್ತಾದರೆ, ಭೇಟಿಯ ದಿನ ಕಂಠಪಾಠ ಮಾಡಿಸಿದ ಹಾಡು, ನೃತ್ಯವೇ ಕಾಣಿಸುತ್ತದೆ. ಆದ್ದರಿಂದ ಈ ಜೋಡಿಗಳ ಜತೆಗೆ ಹತ್ತು ಹನ್ನೆರಡು ಕೇಂದ್ರಗಳಿಗೆ ಒಬ್ಬರಂತೆ ಅನುಭವಿ ಮಾರ್ಗದರ್ಶಕರನ್ನು ನೇಮಿಸುವಾಗ, ಅವರಿಗೆ ಯಾರ ಮೇಲೂ ವರದಿ ಬರೆಯುವ ಅಧಿಕಾರ ಕೊಡಬಾರದು. ಮೂರು ತಿಂಗಳಲ್ಲಿ ಪ್ರತಿ ಕೇಂದ್ರಕ್ಕೂ ಎರಡು ಸಲ ಹೋದರೇ ಎಂಬ ಲೆಕ್ಕ ಕಚೇರಿಗೆ ಸಾಕು. ಒಂದು ವಿನಾಯಿತಿ ಮಾತ್ರ ಕಡ್ಡಾಯ: ಮಗುವಿನ ಮೇಲೆ ದೌರ್ಜನ್ಯದ ಸುಳಿವು ಸಿಕ್ಕರೆ ಗುಟ್ಟಿನ ಮಾತೇ ಇಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. 2012ರ ಪೋಕ್ಸೊ ಕಾಯ್ದೆಯಡಿ ಲೈಂಗಿಕ ದೌರ್ಜನ್ಯವನ್ನು ತಿಳಿಸುವುದು ಕಾನೂನಿನ ಹೊಣೆ.

ಗುಂಪಿನ ತಿಂಗಳ ಸಭೆಗೆ ಎರಡು ಗಂಟೆ ಸಾಕು, ಪ್ರತಿ ಸಲ ಬೇರೆ ಕೇಂದ್ರದಲ್ಲಿ. ಒಬ್ಬರು ತಮ್ಮ ಒಂದು ತೊಡಕನ್ನು ಮುಂದಿಡಲಿ. ಮೊದಲ ಹತ್ತು ನಿಮಿಷ ಉಳಿದವರು ಪ್ರಶ್ನೆ ಮಾತ್ರ ಕೇಳಬೇಕು, ಸಲಹೆ ಕೊಡುವಂತಿಲ್ಲ. ಇದು ಕೇಳಲು ಸುಲಭ, ಪಾಲಿಸಲು ಕಷ್ಟ. ಶಾಲಾ ಶಿಕ್ಷಕರ ಸಮಾಲೋಚನಾ ಸಭೆಗಳು ಎಷ್ಟೋ ಕಡೆ ಅಂಕಿಅಂಶ ಕೊಡುವ, ಸುತ್ತೋಲೆ ಓದುವ ಸಭೆಗಳಾಗಿಬಿಟ್ಟಿವೆ. ಇಲ್ಲಿ ಹಾಗಾಗದಂತೆ ಸುತ್ತೋಲೆಗಳನ್ನು ವಾಟ್ಸ್‌ಆ್ಯಪ್‌ನಲ್ಲೇ ಮುಗಿಸಲಿ.

ಮಕ್ಕಳು ಒಬ್ಬರಿಂದೊಬ್ಬರು ಕಲಿಯುವುದಕ್ಕೂ ಇಷ್ಟೇ ಕಟ್ಟುನಿಟ್ಟು ಬೇಕು. ಅರಿವು ಕೇಂದ್ರದ ಒಂದು ಕಂಪ್ಯೂಟರ್ ಮುಂದೆ ಮೂವರು ಕೂತರೆ, ಮೌಸ್ ಯಾವಾಗಲೂ ಗೊತ್ತಿರುವವನ ಕೈಯಲ್ಲೇ ಇರುತ್ತದೆ. ಉಳಿದಿಬ್ಬರು ನೋಡುತ್ತಾರೆ, ಕಲಿಯುವುದಿಲ್ಲ. ನಿಯಮ ಹೀಗಿರಲಿ: ಗೊತ್ತಿರುವವರ ಕೈ ಬೆನ್ನ ಹಿಂದೆ, ಬಾಯಿಮಾತಿನಲ್ಲಷ್ಟೇ ಹೇಳಿಕೊಡಬೇಕು, ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲು. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಓರಗೆಯವರೇ ಶಿಕ್ಷಕರಾಗುವ ವ್ಯವಸ್ಥೆಯಿದೆ. ಅವರಿಗೂ ತಿಂಗಳಿಗೊಮ್ಮೆ ಪಕ್ಕದಲ್ಲಿ ಕೂರುವ ದೊಡ್ಡವರೊಬ್ಬರು ಬೇಕು. ಇಲ್ಲದಿದ್ದರೆ ಮುಜುಗರದ ಪ್ರಶ್ನೆಗೆ ಅವರೂ ಅಂದಾಜಿನ ಉತ್ತರ ಕೊಟ್ಟು ಸುಮ್ಮನಾಗುತ್ತಾರೆ.

ಜಿಲ್ಲಾ ಪಂಚಾಯಿತಿಯು ಇದನ್ನು ಮೊದಲು ಒಂದೇ ತಾಲ್ಲೂಕಿನಲ್ಲಿ ಮೂರು ತಿಂಗಳು ನಡೆಸಿ ನೋಡಲಿ. ಪರಸ್ಪರ ಭೇಟಿಯ ಅರ್ಧ ದಿನವನ್ನು ಕರ್ತವ್ಯದ ಅವಧಿಯೆಂದು ಆದೇಶದಲ್ಲೇ ಬರೆಯಬೇಕು; ರಜೆ ಹಾಕಿ ಹೋಗಿ ಎಂದರೆ ಯಾರೂ ಹೋಗುವುದಿಲ್ಲ. ಭೇಟಿಗಳು ಡಿಸೆಂಬರ್‌ಗೆ ಶುರುವಾದರೆ, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಪರೀಕ್ಷೆಗೆ ಮುಂಚೆ ಪ್ರತಿ ಜೋಡಿಗೂ ಎರಡೆರಡು ಸುತ್ತು ಮುಗಿದಿರುತ್ತದೆ.

– ಯುವ ಕಾರ್ಯಕ್ರಮಗಳ ತರಬೇತುದಾರರು, ಚಿಕ್ಕಬಳ್ಳಾಪುರ