ಬೆರಳ ಸಂಜ್ಞೆಯಿಂದ ಇಂಗ್ಲಿಷ್ ಅಕ್ಷರ ಕಲಿಸಿ

ಮಾನ್ಯರೇ,

ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ ಮಾತನಾಡಿ, ಶಾಲೆಯಲ್ಲಿ ಕನ್ನಡದ ಜೊತೆಗೆ ಇಂಗ್ಲಿಷನ್ನೂ ಕಲಿಯಬೇಕಾದ ಉಡುಪಿ ಜಿಲ್ಲೆಯ ಒಂದನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ವರ್ಣಮಾಲೆಯನ್ನು ರಾಗವಾಗಿ ಬಾಯಿಪಾಠ ಮಾಡಿಸಿದರೆ ಸಾಲದು. ಭಾರತೀಯ ಸಂಜ್ಞಾ ಭಾಷೆಯ ಬೆರಳಕ್ಷರಗಳನ್ನೂ, ಅಂದರೆ ಒಂದೊಂದು ಅಕ್ಷರವನ್ನು ಬೆರಳುಗಳಿಂದ ತೋರಿಸುವ ಸಂಜ್ಞೆಗಳನ್ನೂ, ಜೊತೆಗೇ ಕಲಿಸಬೇಕು. ಅದರಲ್ಲಿ ಎ, ಇ, ಐ, ಓ, ಯು ಎಂಬ ಸ್ವರಗಳನ್ನು ಒಂದು ಕೈಯ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದೊಂದೇ ಬೆರಳ ತುದಿಯನ್ನು ಇನ್ನೊಂದು ಕೈಯ ಬೆರಳಿನಿಂದ ಮುಟ್ಟಿ ತೋರಿಸಲಾಗುತ್ತದೆ. ಪುಟದ ಮೇಲೆ ಮಕ್ಕಳನ್ನು ಗೊಂದಲಗೊಳಿಸುವ ಸಣ್ಣ ಬಿ ಮತ್ತು ಡಿ ಅಕ್ಷರಗಳಿಗೂ ಸ್ಪಷ್ಟವಾಗಿ ಬೇರೆಯಾದ ಸಂಜ್ಞೆಗಳಿವೆ. ಇನ್ನೂ ಮುಖ್ಯವಾಗಿ, ಕಿವಿ ಕೇಳದ ಸಹಪಾಠಿಗೆ ತನ್ನ ಹೆಸರು ತಿಳಿಸಿ ಸ್ನೇಹ ಬೆಳೆಸಲು ಮಗುವಿಗೆ ಅದೇ ಬೆರಳುಗಳು ನೆರವಾಗುತ್ತವೆ. ಶಿಕ್ಷಣ ಇಲಾಖೆಯು ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಮೂಲಕ ಜಿಲ್ಲೆಯ ನಲಿ-ಕಲಿ (ಚಟುವಟಿಕೆ ಆಧಾರಿತ ಕಲಿಕೆ) ಶಿಕ್ಷಕರಿಗೆ, ಸಾಧ್ಯವಾದಷ್ಟೂ ಕಿವುಡ ತರಬೇತುದಾರರಿಂದಲೇ, ಈ ಬೆರಳಕ್ಷರಗಳ ತರಬೇತಿ ಕೊಡಿಸಲಿ.

– ಓರ್ವ ಶಿಕ್ಷಕಿ, ಉಡುಪಿ